ಕೊಕ್ಕರೆಗದ್ದೆಯಿಂದ ಕಲ್ಲೂರಿಗೆ

ಹೊರಡುವ ಮುನ್ನ

ಪಟ್ಟಣ ಪಂಚಾಯಿತಿಯ ಸದಸ್ಯನೊಬ್ಬ ವಿದೇಶಕ್ಕೆ ಹೋಗಿಬಂದ ಎಂದರೆ ನಮ್ಮ ಜನ ಮೊದಲು ಕೇಳುವುದು ಯಾರ ದುಡ್ಡಿನಲ್ಲಿ ಎಂದು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೆಮ್ಮದಿಯಾಗಿ ಮಾತಾಡಬಹುದು. ಪಂಚಾಯಿತಿಯ ಬಿಡಿಗಾಸೂ ಖರ್ಚಾಗಿಲ್ಲ. ಹೊಳೆ ಪಕ್ಕದ ಸಣ್ಣ ಊರುಗಳನ್ನು ಹುಡುಕಿ, ಒಬ್ಬರು ಇನ್ನೊಬ್ಬರ ಊರಿಗೆ ಹೋಗಿ ಪ್ರವಾಹ ತಡೆಯುವ ಕೆಲಸ ನೋಡಿಬರಲಿ ಎಂದು ಕಳಿಸುವ ಒಂದು ಸಂಸ್ಥೆಯಿದೆ. ಖರ್ಚೆಲ್ಲ ಅವರದು. ಅವರ ಷರತ್ತು ಒಂದೇ: ಒಬ್ಬ ಚುನಾಯಿತ ಸದಸ್ಯ, ಒಬ್ಬ ಎಂಜಿನಿಯರ್, ಜೊತೆಗೆ ನೀರಿನ ದಾರಿಯಲ್ಲಿ ಜಮೀನಿರುವ ಒಬ್ಬ ರೈತ ಬರಬೇಕು.

ಸದಸ್ಯ ನಾನು, ಸಿದ್ದರಾಜು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು, ಕೆಳಗಿನ ಬೀದಿಯ ವಾರ್ಡಿನಿಂದ ಗೆದ್ದವನು. ಎಂಜಿನಿಯರ್ ಮಹೇಶ, ಮಳವಳ್ಳಿ ಕಡೆಯವನು, ಕಂಡದ್ದನ್ನೆಲ್ಲ ಫೋಟೋ ಹೊಡೆಯುವ ಯುವಕ. ರೈತರು ಗೌರಮ್ಮನವರು. ಊರಿನ ಹೆಸರು ಹೇಳುವುದಿಲ್ಲ, ಚುನಾವಣೆ ಹತ್ತಿರದಲ್ಲಿದೆ. ಮದ್ದೂರಿಗೂ ಮಳವಳ್ಳಿಗೂ ನಡುವೆ ಎಲ್ಲೋ ಇದೆ ಎಂದುಕೊಳ್ಳಿ.

ನಮ್ಮ ಊರಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಹಳ್ಳದಲ್ಲಿ ಹರಿದು ಶಿಂಷಾ ಸೇರಬೇಕು. ಹಳ್ಳದ ಒಂದು ದಡದಲ್ಲಿ ಪೇಟೆ, ಇನ್ನೊಂದು ದಡದ ತಗ್ಗಿನಲ್ಲಿ ನಮ್ಮ ಕೆಳಗಿನ ಬೀದಿ. ಅಲ್ಲಿಂದ ಸ್ವಲ್ಪ ಕೆಳಗೆ ಗೌರಮ್ಮನವರ ಗದ್ದೆ. ಅದನ್ನು ಕೊಕ್ಕರೆಗದ್ದೆ ಅನ್ನುತ್ತಾರೆ. ಗದ್ದೆ ದಾಟಿದರೆ ರಸ್ತೆಯ ಕಿರಿದಾದ ಮೋರಿ. ನೀರು ಜಾಸ್ತಿಯಾದಾಗ ಮೋರಿಯಲ್ಲಿ ಹಿಡಿಸದೆ ಹಿಂದಕ್ಕೆ ಒತ್ತುತ್ತದೆ. ಮೊದಲೆಲ್ಲ ಅದು ಕೊಕ್ಕರೆಗದ್ದೆಯ ಮೇಲೆ ಹರಡಿಕೊಂಡು ಮೆಲ್ಲಗೆ ಇಳಿದುಹೋಗುತ್ತಿತ್ತು. ನಮ್ಮ ಹಿತ್ತಿಲಿಗೆ ಬಂದ ನೀರೂ ಅದರ ಹಿಂದೆಯೇ ಹೋಗುತ್ತಿತ್ತು. ಕೆಲವು ವರ್ಷಗಳ ಹಿಂದೆ ಅಂಥದೊಂದು ನೀರು ಇಳಿದ ಮೇಲೆ ಗೌರಮ್ಮನವರು ಲಾರಿಗಟ್ಟಲೆ ಮಣ್ಣು ಹೊಡೆಸಿ ಗದ್ದೆಯ ಬದುವನ್ನು ಆಳೆತ್ತರ ಮಾಡಿಬಿಟ್ಟರು. ಅಂದಿನಿಂದ ನೀರು ನಮ್ಮ ಮನೆಗಳೊಳಗೆ ನಿಲ್ಲುತ್ತದೆ. ಕಳೆದ ಸಲ ನನ್ನ ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿ ಎತ್ತಿಕೊಂಡು ಬಂದೆವು. ಅವ್ವ ದಾರಿಯುದ್ದಕ್ಕೂ ಬೈದದ್ದು ಈ ನೀರನ್ನಲ್ಲ, ಬದು ಏಳುವ ಮುಂಚಿನ ಆ ಹಳೆಯ ನೀರನ್ನು. ಹಿತ್ತಿಲಲ್ಲಿ ತೊಳೆದು ಬೋರಲು ಹಾಕಿದ್ದ ಅವಳ ಹಿತ್ತಾಳೆ ತಂಬಿಗೆಯನ್ನು ಅದು ಕೊಂಡೊಯ್ದಿತ್ತು. ಮದುವೆಯಲ್ಲಿ ಬಂದ ತಂಬಿಗೆ, ಕಂಠದ ಮೇಲೆ ಚಿಕ್ಕತಾಯಮ್ಮ ಎಂದು ಹೆಸರು ಹಾಕಿಸಿದ್ದು.

ಈಗ ಪಂಚಾಯಿತಿಯ ಮುಂದೆ ಎರಡು ಯೋಜನೆಗಳಿವೆ. ಗೌರಮ್ಮನವರು ಒಪ್ಪಿದರೆ ಬದುವನ್ನು ಒಂದು ಕಡೆ ತಗ್ಗಿಸಿ ನೀರನ್ನು ಮತ್ತೆ ಗದ್ದೆಗೆ ಬಿಡುವುದು, ಬೆಳೆ ಹೋದ ವರ್ಷ ಪರಿಹಾರ ಕೊಡುವುದು. ಒಪ್ಪದಿದ್ದರೆ ಪೇಟೆಯ ಪಕ್ಕಕ್ಕೆ ಕಾಂಕ್ರೀಟ್ ಗೋಡೆ. ಗೋಡೆ ಬಂದರೆ ಪೇಟೆ ಉಳಿಯುತ್ತದೆ, ಪೇಟೆಗೆ ಹೋಗುತ್ತಿದ್ದ ನೀರೂ ನಮ್ಮ ಬೀದಿಗೇ ಬರುತ್ತದೆ. ಗೌರಮ್ಮನವರು ಆಗುವುದಿಲ್ಲ ಎಂದಿದ್ದರು. ಆ ಗದ್ದೆ ಅವರ ಗಂಡನ ಮನೆಯದಲ್ಲ. ಶಿವಪುರದ ಅವರ ತವರಿನವರು ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆಂದು ಇಲ್ಲೇ ಕೊಂಡು ಬರೆದುಕೊಟ್ಟದ್ದು. ಬಲವಂತ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಪ್ರವಾಸಕ್ಕೆ ಬನ್ನಿ ಎಂದು ಕರೆಯಲು ಹೋದಾಗ ಅವರು ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ನಾನು ಜಗಲಿಯ ಕೆಳಗೇ ನಿಂತು ವಿಷಯ ಹೇಳಿದೆ.

"ಬತ್ತೀನಿ ಮೆಂಬ್ರೇ. ಆದ್ರೆ ಇಮಾನ ಅತ್ತಿಸಿದ್ರು ಅಂತ ಗದ್ದೆ ಬುಟ್ಕೊಟ್ಬುಡ್ತೀನಿ ಅಂದ್ಕಬ್ಯಾಡಿ. ನೋಡ್ಕಂಡು ಬತ್ತೀನಿ, ಅಷ್ಟೇಯ."

ವಿಮಾನ ನಿಲ್ದಾಣ

ಗೌರಮ್ಮನವರ ಚೀಲದಲ್ಲಿ ರಾಗಿಹಿಟ್ಟು, ಹುರಿಹಿಟ್ಟು, ಹುಣಸೆಹಣ್ಣು, ಚಟ್ನಿಪುಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ. ಇಂಗ್ಲೆಂಡಿನಲ್ಲಿ ಇಳಿದಾಗ ಸುಂಕದವನೊಬ್ಬ ಚೀಲ ಬಿಚ್ಚಿಸಿದ. ರಾಗಿಹಿಟ್ಟನ್ನು ಬೆರಳಲ್ಲಿ ಮುಟ್ಟಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಇಬ್ಬರೂ ಸೇರಿ ಮೂಸಿದರು. ಇದನ್ನು ಏನು ಮಾಡುತ್ತೀರಿ ಎಂದು ಕೇಳಿದರು. ಗೌರಮ್ಮನವರು ಅಂಗೈ ಮೇಲೆ ಉಂಡೆ ಹೊಸೆದು, ಮುರಿದು, ಅದ್ದಿ, ನುಂಗುವ ತನಕ ಇಡೀ ಊಟವನ್ನು ಬರಿಗೈಯಲ್ಲಿ ಅಭಿನಯಿಸಿ ತೋರಿಸಿದರು. ಹಿಂದಿನ ಸಾಲಿನವರೆಲ್ಲ ನಕ್ಕರು. ಹಿಟ್ಟನ್ನು ಬಿಟ್ಟರು.

ವೀಳ್ಯದೆಲೆಯನ್ನು ಮಾತ್ರ ಬಿಡಲಿಲ್ಲ. ಹಸಿ ಎಲೆ ದೇಶದೊಳಗೆ ಬರುವಂತಿಲ್ಲವಂತೆ. ಕೈಗವಸು ಹಾಕಿಕೊಂಡು ಎತ್ತಿ ಬುಟ್ಟಿಗೆ ಹಾಕಿದ. ಗೌರಮ್ಮನವರು ಅದನ್ನೇ ನೋಡುತ್ತ ನಿಂತರು. ಮಹೇಶ ಅದರ ಫೋಟೋ ತೆಗೆಯಲು ಹೋಗಿ ಬೈಸಿಕೊಂಡ. ಆಮೇಲೆ ರೈಲಿನಲ್ಲಿ ಕೂತು ಉತ್ತರಕ್ಕೆ ಹೋಗುವಾಗ ಅವರು ಬರೀ ಅಡಿಕೆ ಜಗಿಯುತ್ತ ಕಿಟಕಿಯ ಆಚೆ ನೋಡುತ್ತಿದ್ದರು. ಕುರಿ, ಹಸಿರು, ಮತ್ತೆ ಕುರಿ.

ಇಷ್ಟು ಹುಲ್ಲಿದ್ದೂ ಒಂದು ಎಮ್ಮೆ ಕಾಣುವುದಿಲ್ಲವಲ್ಲ ಎಂದು ಕೊನೆಗೆ ಬೇಜಾರು ಮಾಡಿಕೊಂಡರು.

ಕಲ್ಲೂರು

ನಾವು ಹೋದ ಊರು ಯಾರ್ಕ್‌ಷೈರಿನ ಬೆಟ್ಟಗಳ ನಡುವೆ, ಒಂದು ಹೊಳೆಯ ಎರಡು ದಡಕ್ಕೆ ಅಂಟಿಕೊಂಡಿದೆ. ಅದರ ಹೆಸರು ಗೌರಮ್ಮನವರ ಬಾಯಿಗೆ ಹೊರಳಲಿಲ್ಲ. ಮನೆಯೆಲ್ಲ ಕಪ್ಪಾದ ಕಲ್ಲಿನವು, ಹೊಲಗಳ ಬದು ಕೂಡ ಕಲ್ಲಿನ ಗೋಡೆ. ಹಾಗಾಗಿ ಕಲ್ಲೂರು ಎಂದರು. ನಾನೂ ಹಾಗೇ ಕರೆಯುತ್ತೇನೆ.

ಮಳೆ ಅಂದರೆ ಅಲ್ಲಿ ಬಂದುಹೋಗುವ ನೆಂಟನಲ್ಲ, ಮನೆಯವನೇ. ಜೋರಾಗಿಯೂ ಬರುವುದಿಲ್ಲ, ನಿಲ್ಲುವುದೂ ಇಲ್ಲ. ಛತ್ರಿ ಹಿಡಿದವರು ನಾವು ಮೂವರೇ. ಬಚ್ಚಲಿನಲ್ಲಿ ಬಿಸಿನೀರಿಗೆ ಒಂದು ನಲ್ಲಿ, ತಣ್ಣೀರಿಗೆ ಇನ್ನೊಂದು. ಒಂದು ಸುಡುತ್ತದೆ, ಒಂದು ಕೊರೆಯುತ್ತದೆ. ಎರಡನ್ನೂ ಬೆರೆಸಲು ಬಕೆಟ್ಟಿಲ್ಲ. ಮೊದಲ ದಿನ ನಾನು ಕೈ ಸುಟ್ಟುಕೊಂಡೆ. ಗೌರಮ್ಮನವರು ಅಡುಗೆಮನೆಯಿಂದ ದೊಡ್ಡ ಪಾತ್ರೆಯೊಂದನ್ನು ತಂದಿಟ್ಟು ಸಮಸ್ಯೆ ಬಗೆಹರಿಸಿದರು. ಅದು ಸೂಪು ಕಾಯಿಸುವ ಪಾತ್ರೆಯೆಂದು ಮನೆಯೊಡತಿ ಆಮೇಲೆ ಹೇಳಿದಾಗ ನಾವು ಮೂವರೂ ಬೇರೆ ಬೇರೆ ದಿಕ್ಕಿಗೆ ನೋಡಿದೆವು.

ಜನರ ಮಾತು ನಮಗೆ ಹತ್ತಿರವಾಯಿತು. ಸಕ್ಕರೆ ಹಚ್ಚಿ ಮಾತಾಡುವುದಿಲ್ಲ. ನಿನ್ನ ಕೋಟು ಈ ಚಳಿಗೆ ಸಾಲದು, ನೀನು ಸತ್ತುಹೋಗುತ್ತೀಯ ಎಂದು ಅಂಗಡಿಯವಳು ಮೊದಲ ಭೇಟಿಯಲ್ಲೇ ನನಗೆ ಹೇಳಿದಳು. ಮಾತಿನ ಕೊನೆಗೆ ಪ್ರತಿಯೊಬ್ಬರನ್ನೂ 'ಲವ್' ಎಂದು ಕರೆಯುತ್ತಾರೆ. ಗೌರಮ್ಮನವರಿಗೆ ಇದರ ಅರ್ಥ ಹೇಳುವುದು ಹೇಗೆಂದು ತಡಕಾಡಿ, ನಮ್ಮಲ್ಲಿ ಕಣವ್ವ ಅಂದ ಹಾಗೆ ಎಂದೆ. ಸರಿಹೋಯಿತು. ಇನ್ನೊಂದು ವಿಷಯ, ಅವರು 'ಹ' ನುಂಗುತ್ತಾರೆ. ಹೌಸ್ ಅಲ್ಲಿ ಔಸ್, ಹಿಲ್ ಅಲ್ಲಿ ಇಲ್. ಇದನ್ನು ಹೇಳಿದಾಗ ಗೌರಮ್ಮನವರು ಮೊದಲ ಬಾರಿಗೆ ನಕ್ಕು, ನಮ್ಮೋರೇ ಬುಡಿ ಎಂದರು.

ಉಳಿದುಕೊಂಡ ಮನೆಯ ಕರೆಂಟಿನ ಒಲೆ ಅವರಿಗೆ ಹಿಡಿಸಲಿಲ್ಲ. ಬೆಂಕಿ ಕಾಣದ ಒಲೆಯನ್ನು ನಂಬುವುದು ಹೇಗೆ ಎಂದು ದೂರ ನಿಂತರು. ಮಹೇಶನಿಗೆ ಅನ್ನ ಬಿಟ್ಟರೆ ಬೇರೆ ಗೊತ್ತಿಲ್ಲ. ಕೊನೆಗೆ ನಾನೇ ಮುದ್ದೆಗೆ ಇಟ್ಟೆ. ಮರದ ಸೌಟಿನ ಹಿಡಿಕೆಯೇ ಕೋಲಾಯಿತು. ಹಿಟ್ಟು ಹಾಕಿ, ಒಂದು ಗಂಟೂ ಉಳಿಯಬಾರದೆಂದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿರುವಿದೆ. ನಮ್ಮ ಬೀದಿಯ ಹೆಂಗಸರು ಗೌರಮ್ಮನವರ ಗದ್ದೆಯಲ್ಲಿ ಎಷ್ಟೋ ವರ್ಷ ನಾಟಿ ಹಾಕಿದ್ದಾರೆ, ಬದು ಎದ್ದ ಮೇಲೆ ಹೋಗುವುದು ಬಿಟ್ಟರು. ಆದರೆ ಅವರ ಮನೆಯವರು ನಮ್ಮ ಬೀದಿಗೆ ಕಾಲಿಟ್ಟದ್ದಾಗಲಿ, ನಮ್ಮ ಬೌದ್ಧ ಮನೆಗಳಲ್ಲಿ ಒಂದು ಲೋಟ ನೀರು ಕುಡಿದದ್ದಾಗಲಿ ನನಗೆ ತಿಳಿದಂತೆ ಇಲ್ಲ. ತಟ್ಟೆ ಮುಂದಿಟ್ಟೆ. ಅವರು ಮುದ್ದೆ ಮುರಿದು, ಉಪ್ಸಾರಿಗೆ ಅದ್ದಿ ನುಂಗಿದರು. ಇನ್ನೊಂದು ತುತ್ತು ಮುರಿದರು.

"ಗಂಟಿಲ್ಲ ಕಣಪ್ಪ" ಎಂದರು.

ನನ್ನ ಅಡುಗೆಯನ್ನು ಯಾರೂ ಇದಕ್ಕಿಂತ ಹೊಗಳಿಲ್ಲ. ಆ ಹೊತ್ತಿಗೆ ನನಗೆ ಅವರ ಮೇಲಿದ್ದ ಕೋಪ ಎಲ್ಲಿಟ್ಟೆನೋ ಸಿಕ್ಕಲಿಲ್ಲ. ಆಮೇಲೆ ಸಿಕ್ಕಿತು, ಆದರೆ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಪುರಭವನ

ಕಲ್ಲೂರಿನ ಕೌನ್ಸಿಲ್ ಸಭೆಗೆ ನಮ್ಮನ್ನು ಕರೆದಿದ್ದರು. ಅಧ್ಯಕ್ಷೆ ಕೊರಳಿಗೆ ದಪ್ಪ ಸರಪಳಿಯಂಥ ಹಾರ ಹಾಕಿಕೊಂಡು ಕೂತಿದ್ದಳು. ಸಾರ್ವಜನಿಕರಿಗೆ ಹಿಂದೆ ಕುರ್ಚಿ, ಯಾರು ಬೇಕಾದರೂ ಬಂದು ಕೆಲವು ನಿಮಿಷ ಮಾತಾಡಬಹುದು. ಪ್ರವಾಹದ ವಿಷಯಕ್ಕೆ ದೊಡ್ಡ ಜಗಳ ನಿರೀಕ್ಷಿಸಿದ್ದೆ. ಆ ದಿನದ ಮಹಾಯುದ್ಧ ನಡೆದದ್ದು ನಾಯಿಗಳು ಉದ್ಯಾನದಲ್ಲಿ ಹೇತು ಹೋಗುವ ಬಗ್ಗೆ. ಒಬ್ಬ ಮುದುಕ ಪ್ಲಾಸ್ಟಿಕ್ ಕವರಿನಲ್ಲಿ ಸಾಕ್ಷಿ ತಂದಿದ್ದ. ನಮ್ಮ ಸಭೆಗಳಲ್ಲಿ ಬೀದಿದೀಪಕ್ಕೆ ಹೀಗೇ ಗಂಟಲು ಹರಿದುಕೊಳ್ಳುತ್ತೇವೆ. ನನಗೆ ತುಂಬ ಸಮಾಧಾನವಾಯಿತು.

ಸಭೆ ಮುಗಿದ ಮೇಲೆ ಇಯಾನ್ ಎಂಬ ಅಧಿಕಾರಿ ಚಹಾ ಕೊಟ್ಟು ಲೆಕ್ಕ ಬಿಡಿಸಿ ಹೇಳಿದ. ಪ್ರವಾಹ ತಡೆಗೆ ಅಲ್ಲಿ ಸರ್ಕಾರ ದುಡ್ಡು ಕೊಡುವುದು ಮುಖ್ಯವಾಗಿ ಎಷ್ಟು ಮನೆ ಉಳಿಯುತ್ತವೆ ಎಂದು ನೋಡಿ. ಸಣ್ಣ ಊರಿಗೆ ಮನೆ ಕಡಿಮೆ, ಹಾಗಾಗಿ ದುಡ್ಡು ನಡುದಾರಿಯಲ್ಲೇ ನಿಂತಿತು. ಉಳಿದದ್ದನ್ನು ಊರೇ ಹೊಂದಿಸಬೇಕು. ನಮ್ಮ ಜಿಲ್ಲಾ ಪಂಚಾಯಿತಿಯಂಥ ಮೇಲಿನ ಕೌನ್ಸಿಲ್ ವರ್ಷ ವರ್ಷ ಸ್ವಲ್ಪ ಎತ್ತಿಡುತ್ತ ಬಂತು. ಹೊಳೆ ದಂಡೆಯ ಹಳೆ ಗಿರಣಿಯನ್ನು ಅಂಗಡಿ ಮಾಡಿಕೊಂಡವರು ಒಂದು ಪಾಲು ಕೊಟ್ಟರು. ಮನೆ ತೆರಿಗೆಯ ಜೊತೆ ಪ್ರತಿ ಮನೆಯಿಂದ ಒಂದಿಷ್ಟು ಹೆಚ್ಚಿಗೆ ತೆಗೆದುಕೊಂಡರು. ಹೆಂಗಸರು ಕೇಕು ಮಾರಿ ಕೂಡಿಸಿದ್ದು ಲೆಕ್ಕಕ್ಕೆ ಏನೂ ಅಲ್ಲ, ಆದರೆ ಅದು ಬಂದ ಮೇಲೆ ಯಾರೂ ಹಿಂದೆ ಸರಿಯಲಿಲ್ಲ ಎಂದ ಇಯಾನ್.

ಯೋಜನೆ ಮಾಡಿದ ರೀತಿಯೂ ಹಾಗೇ. ಎರಡು ನಕ್ಷೆ ಬರೆದು ಗ್ರಂಥಾಲಯದ ಗೋಡೆಗೆ ತೂಗುಹಾಕಿದ್ದರಂತೆ. ಒಂದರಲ್ಲಿ ಮಾರುಕಟ್ಟೆಯ ಪಕ್ಕಕ್ಕೆ ಎತ್ತರದ ಗೋಡೆ. ಇನ್ನೊಂದರಲ್ಲಿ ಗಿಡ್ಡ ಗೋಡೆ, ಜೊತೆಗೆ ಊರ ಕೆಳಗಿನ ಒಂದು ಹುಲ್ಲುಗಾವಲನ್ನು ನೀರಿಗೆ ಬಿಡುವುದು. ಹೊಳೆಯ ಆ ಕಡೆ ಸಾಲುಮನೆಗಳಲ್ಲಿ ಇದ್ದವರು ಬಂದು ಎತ್ತರದ ಗೋಡೆಯ ನಕ್ಷೆಯ ಮೇಲೆ, ಈ ನೀರು ನಮ್ಮ ಮನೆಗೆ ಬರುತ್ತದೆ ಎಂದು ಬರೆದ ಚೀಟಿ ಚುಚ್ಚಿಹೋದರು. ಚೀಟಿ ಹೆಚ್ಚಾಗಿ ಕೊನೆಗೆ ನಕ್ಷೆಯೇ ಕಾಣಲಿಲ್ಲವಂತೆ. ನಮ್ಮ ಯೋಜನೆಯ ನಕ್ಷೆ ಮಹೇಶನ ಲ್ಯಾಪ್‌ಟಾಪಿನಲ್ಲಿದೆ. ಅವನು ಇಯಾನನ ಮಾತು ಕೇಳುತ್ತ ಫೋಟೋ ಹೊಡೆಯುವುದನ್ನು ನಿಲ್ಲಿಸಿದ್ದ.

ಎಲ್ಲವನ್ನೂ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಗೌರಮ್ಮನವರಿಗೆ ಒಂದು ಅನುಮಾನ ಬಂತು. ಗುಡ್ಡದ ಮೇಲಿರುವವರ ಮನೆಗೆ ನೀರು ಹೋಗುವುದಿಲ್ಲವಲ್ಲ, ಅವರು ಯಾಕೆ ಕೊಟ್ಟರು ಎಂದು ಕೇಳಿಸಿದರು. ಕಪ್ಪು ತೊಳೆಯುತ್ತಿದ್ದ ಒಬ್ಬ ಸದಸ್ಯೆ ಗುಡ್ಡದ ಮೇಲಿನವಳೇ ಆಗಿದ್ದಳು. ಅವಳ ಬ್ರೆಡ್ಡಿನ ಅಂಗಡಿ ಕೆಳಗಿದೆಯಂತೆ, ಔಷಧಿ ಅಂಗಡಿ ಕೆಳಗಿದೆಯಂತೆ, ಗೆಳತಿಯರೆಲ್ಲ ಕೆಳಗಿದ್ದಾರಂತೆ. ಮೇಲೆ ಬರೀ ಗಾಳಿ ಇದೆ ಎಂದಳು.

ಆಮೇಲೆ ಗೌರಮ್ಮನವರು ಇನ್ನೊಂದು ಕೇಳಿದರು. ಅದನ್ನು ಬಹಳ ಮೆಲ್ಲಗೆ ಕೇಳಿದರು.

"ಆ ಉಲ್ಲುಗಾವ್ಲು ಯಾರ್ದು?"

ಇಯಾನ್ ನಕ್ಷೆ ತಂದು ಹಾಸಿದ. ಹುಲ್ಲುಗಾವಲಿನ ಮೇಲೆ ಸರ್ವೆ ನಂಬರು ಇರಲಿಲ್ಲ, ಅದರ ಹೆಸರೇ ಬರೆದಿತ್ತು. ಅಲ್ಲಿ ಹೊಲಗಳಿಗೂ ಹೆಸರಿರುತ್ತದೆ. ಅದು ಡೋರೀನ್ ಎಂಬವಳದು, ನಾಳೆ ಶನಿವಾರ, ಹೇಗೂ ಎಲ್ಲರೂ ಅಲ್ಲಿಗೇ ಹೋಗುತ್ತಿದ್ದೇವೆ, ನೀವೂ ಬನ್ನಿ ಎಂದ.

ಡೋರೀನಳ ಹುಲ್ಲುಗಾವಲು

ನಾವು ಹೋಗುವ ಹಿಂದಿನ ವಾರ ಹೊಳೆ ಉಕ್ಕಿ ಹುಲ್ಲುಗಾವಲಿನ ಮೇಲೆ ಹರಿದು ಇಳಿದಿತ್ತು. ಊರಿನೊಳಗೆ ಒಂದು ಹನಿ ಹೋಗಿರಲಿಲ್ಲ. ಶನಿವಾರ ಬೆಳಗ್ಗೆ ಸಾಲುಮನೆಗಳವರೆಲ್ಲ ರಬ್ಬರಿನ ಉದ್ದ ಬೂಟು ಹಾಕಿಕೊಂಡು, ಗೋಣಿಚೀಲದಂಥ ಚೀಲ ಹಿಡಿದು ಬಂದಿದ್ದರು. ಸರಪಳಿ ಹಾರದ ಅಧ್ಯಕ್ಷೆ ಹಾರವಿಲ್ಲದೆ ಬಂದಿದ್ದಳು. ನಾಯಿ ಹೇಲಿನ ಮುದುಕನೂ ಇದ್ದ. ಎಲ್ಲರೂ ಸಾಲಾಗಿ ನಿಂತು ಬಗ್ಗಿ, ಹುಲ್ಲಿನಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ಕು, ಬಾಟಲಿ, ಕೊಂಬೆ ಆರಿಸುತ್ತ ಮುಂದೆ ಹೋಗುತ್ತಾರೆ. ಗಾಜಿನ ಚೂರು ಕಂಡರೆ ನಿಂತು, ಕೂಗಿ ಹೇಳಿ, ಸುತ್ತಲೂ ಕೈಯಾಡಿಸಿ ನೋಡುತ್ತಾರೆ, ಕುರಿಯ ಕಾಲಿಗೆ ಚುಚ್ಚಬಾರದೆಂದು. ನೀರು ಬಂದಾಗಲೆಲ್ಲ ಹೀಗೆ ಮಾಡುತ್ತಾರಂತೆ.

ನಮಗೂ ಬೂಟು ಕೊಟ್ಟರು. ಗೌರಮ್ಮನವರು ಸೀರೆಯನ್ನು ನಾಟಿಗೆ ಕಟ್ಟುವ ಹಾಗೆ ಎತ್ತಿ ಕಟ್ಟಿ ಇಳಿದರು. ಸ್ವಲ್ಪ ದೂರದಲ್ಲಿ ನಾನು ಕೆಸರಿನಲ್ಲಿ ಮೊಣಕಾಲಿನ ತನಕ ಹೂತುಕೊಂಡೆ. ಕಾಲು ಬಂತು, ಬೂಟು ಬರಲಿಲ್ಲ. ಕಾಲುಚೀಲದಲ್ಲಿ ಒಂಟಿ ಕಾಲಿನ ಮೇಲೆ ನಿಂತಿದ್ದ ನನ್ನನ್ನು ನಾಯಿ ಮುದುಕನೂ ಗೌರಮ್ಮನವರೂ ಒಂದೊಂದು ಕಡೆ ಹಿಡಿದು ಎಳೆದರು. ಅವರಿಬ್ಬರಿಗೂ ಭಾಷೆ ಬೇಕಾಗಲಿಲ್ಲ, ನಗುವುದಕ್ಕೆ ನಾನು ಸಾಕಾಗಿದ್ದೆ.

ಡೋರೀನ್ ಎಪ್ಪತ್ತು ದಾಟಿದ ದಪ್ಪ ಹೆಂಗಸು. ತಂಗಿಯ ಜೊತೆ ಇದ್ದಾಳೆ. ಅವಳು ಚೀಲ ಹಿಡಿಯದೆ ಹೊಲದಂಚಿನ ಕಲ್ಲುಗೋಡೆಯ ಬಳಿ ನಿಂತಿದ್ದಳು. ಆ ಗೋಡೆಯ ಮೇಲೆ ಸಾಲಾಗಿ ಸಾಮಾನು ಇಟ್ಟಿತ್ತು. ಮಗುವಿನ ಒಂಟಿ ಬೂಟು, ಹೂವಿನ ಕುಂಡ, ತೋಟದ ಬೊಂಬೆ, ನಾಯಿಯ ತಟ್ಟೆ. ನೀರು ತಂದದ್ದರಲ್ಲಿ ಕಸ ಯಾವುದು, ಯಾರದೋ ವಸ್ತು ಯಾವುದು ಎಂದು ನೋಡಿ, ವಸ್ತುವನ್ನು ತೊಳೆದು ಗೋಡೆಯ ಮೇಲೆ ಇಡುತ್ತಾಳೆ. ತಮ್ಮದೆಂದು ಗುರುತಿಸಿದವರು ಹೋಗುವಾಗ ತೆಗೆದುಕೊಂಡು ಹೋಗುತ್ತಾರೆ.

ಗೌರಮ್ಮನವರು ಆ ಗೋಡೆಯ ಉದ್ದಕ್ಕೂ ನಡೆದು ಒಂದೊಂದನ್ನೂ ನೋಡಿದರು. ಯಾರೂ ಬರದೆ ಉಳಿದದ್ದನ್ನು ಏನು ಮಾಡುತ್ತೀಯ ಎಂದು ನನ್ನಿಂದ ಕೇಳಿಸಿದರು. ಕೊಟ್ಟಿಗೆಯಲ್ಲಿ ಇಡುತ್ತೇನೆ, ಎಂದಾದರೂ ಬರುತ್ತಾರೆ ಎಂದಳು ಡೋರೀನ್. ಗೌರಮ್ಮನವರು ತಲೆಯಾಡಿಸಿದರು, ಬಹಳ ಹೊತ್ತು ಆಡಿಸಿದರು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಕೆಲಸ ಮುಗಿದ ಮೇಲೆ ಡೋರೀನಳ ಅಡುಗೆಮನೆಯಲ್ಲಿ ಚಹಾ. ಅವಳು ಮೊದಲು ಒಪ್ಪಿರಲಿಲ್ಲವಂತೆ. ಹೊಲ ಕೇಳಿ ಕೌನ್ಸಿಲ್ಲಿನ ಕಾಗದ ಬಂತು, ಅದರಲ್ಲಿ ಒಲೆ ಹೊತ್ತಿಸಿದೆ ಎಂದಳು. ಅಪ್ಪನ ಹೊಲ ಮಾರುತ್ತೀಯಾ ಎಂದು ತಂಗಿ ಮಾತು ಬಿಟ್ಟಿದ್ದಳಂತೆ. ತಂಗಿ ಅಲ್ಲೇ ಕೂತು, ಹೌದು ಬಿಟ್ಟಿದ್ದೆ ಎಂದಳು. ಹಾಗಾದರೆ ಒಪ್ಪಿದ್ದು ಹೇಗೆ? ಒಂದು ದೊಡ್ಡ ನೀರು ಇಳಿದ ಮೇಲೆ ಸಾಲುಮನೆಯ ಹೆಂಗಸೊಬ್ಬಳು ತನ್ನ ಮನೆಯ ಕೆಸರನ್ನು ಹಾಗೇ ಬಿಟ್ಟು, ನಮ್ಮ ಕಸ ನಿನ್ನ ಹೊಲಕ್ಕೆ ಬಂದಿದೆ, ಆರಿಸಲು ಬಂದೆ ಎಂದು ಬಾಗಿಲು ತಟ್ಟಿದಳಂತೆ. ಅಷ್ಟೇ. ಹೊಲಕ್ಕೆ ನೀರು ಬಿಡಲು ಕೌನ್ಸಿಲ್ ಹಣ ಕೊಟ್ಟಿದೆ, ಹೊಲ ಇನ್ನೂ ಅವಳದೇ, ಕುರಿ ಮೇಯುತ್ತವೆ. ಕಸ ಆರಿಸುವುದು ಒಪ್ಪಂದದಲ್ಲಿದೆಯೇ ಎಂದು ಮಹೇಶ ಕೇಳಿದ. ಇಲ್ಲ, ಬರೆದರೆ ಕಂಟ್ರಾಕ್ಟರ್ ಬರುತ್ತಾನೆ, ಇವರು ಬರುವುದಿಲ್ಲ ಎಂದಳು ಡೋರೀನ್.

ನಾನು ಇದನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಮುಗಿಸಿದಾಗ ಗೌರಮ್ಮನವರು ಚಹಾ ಮುಟ್ಟಿರಲಿಲ್ಲ. ಬಲಗಾಲಿನ ಕಾಲುಚೀಲ ಎಳೆದು ಪಾದ ತಿರುವಿ ತೋರಿಸಿದರು. ಹಿಮ್ಮಡಿಯಿಂದ ಕಿರುಬೆರಳಿನ ತನಕ ಉದ್ದದ ಹಳೇ ಗಾಯದ ಗೆರೆ.

"ಆ ನೀರು ಇಳುದ್ಮೇಲೆ ಗದ್ದೆಗ್ ಓದೆ. ಊರ್ನ ಕಸ್ವೆಲ್ಲ ನನ್ ಗದ್ದೆಲಿತ್ತು. ಸೀಸೆ ಚೂರು ತುಳುದೆ. ನಾನೂ ನಮ್ಮೆಜಮಾನ್ರೂ ಇಬ್ರೇ ತಿಂಗ್ಳುಗಟ್ಲೆ ಆರ್ಸುದ್ವಿ. ಪ್ಯಾಟೆಯಿಂದ್ಲೂ ಯಾರೂ ಬರ್ನಿಲ್ಲ, ನಿಮ್ ಬೀದಿಯಿಂದ್ಲೂ ಯಾರೂ ಬರ್ನಿಲ್ಲ. ನೀರ್ ಬಂದ್ರೆ ನಂಗೇನ್ ಮೆಂಬ್ರೇ, ನೀರು ಬತ್ತದೆ, ಓಯ್ತದೆ. ಅದ್ಕೇಯ ಮಣ್ಣು ಒಡ್ಸಿದ್ದು."

ಇಷ್ಟು ವರ್ಷ ನಮ್ಮ ಬೀದಿ ಆ ಬದುವನ್ನು ಶಪಿಸುತ್ತ ಬಂದಿದೆ. ಸೊಕ್ಕು ಅಂದಿದ್ದೇವೆ, ಜಾತಿ ಅಂದಿದ್ದೇವೆ. ನೀರು ಇಳಿದಾಗ ನಾವೂ ನಮ್ಮ ಹಿತ್ತಿಲ ಕೆಸರು ಬಳಿಯುವುದರಲ್ಲಿ ಮುಳುಗಿದ್ದೆವು, ಅದು ಸುಳ್ಳಲ್ಲ. ಆದರೆ ಆ ಗದ್ದೆಯ ಕಡೆ ನಮ್ಮಲ್ಲಿ ಒಬ್ಬರೂ ತಿರುಗಿ ನೋಡಿರಲಿಲ್ಲ, ಅದೂ ಸುಳ್ಳಲ್ಲ. ಡೋರೀನ್ ಏನೂ ಕೇಳದೆ ಎದ್ದು, ತಣ್ಣಗಾದ ಚಹಾ ಚೆಲ್ಲಿ ಬಿಸಿಯದು ತಂದಿಟ್ಟು, ಗಾಯದ ಗೆರೆಯ ಮೇಲೆ ಒಮ್ಮೆ ಹೆಬ್ಬೆರಳು ಸವರಿದಳು.

ಹೊರಡುವಾಗ ಗೌರಮ್ಮನವರು ಕೊಡಲು ಎಲೆಯಿಲ್ಲದೆ ಪೇಚಾಡಿದರು. ಬರಿ ಅಡಿಕೆಯನ್ನೇ ಡೋರೀನಳ ಅಂಗೈಯಲ್ಲಿಟ್ಟು ಮುಚ್ಚಿದರು. ಅದನ್ನು ಅವಳು ಕಚ್ಚಿ ನೋಡದಿರಲಿ ಎಂದು ನಾನು ಬೇಡಿಕೊಂಡೆ.

ಊರು

ಬೆಂಗಳೂರಿನಿಂದ ಕಾರಿನಲ್ಲಿ ಬರುವಾಗ ಗೌರಮ್ಮನವರು ಸೋಮನಹಳ್ಳಿ ಬರುವ ತನಕ ನಿದ್ದೆ ಮಾಡಿದರು. ಎದ್ದವರು ಮದ್ದೂರಿನಲ್ಲಿ ವಡೆ ತಿಂದು, ವೀಳ್ಯದೆಲೆ ಕಂಡು, ಅಂಗಡಿಯ ಮುಂದೆಯೇ ನಿಂತು ಮಡಿಸಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಗದ್ದೆಯ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಸಭೆಯ ದಿನ ಹತ್ತಿರ ಬರುತ್ತಿತ್ತು, ಪೇಟೆಯವರು ಗೋಡೆಗೆ ಕೈಯೆತ್ತಲು ಕಾದಿದ್ದರು. ನಾನು ಬೀದಿಯಲ್ಲಿ ಕಲ್ಲೂರಿನ ಕಥೆ ಹೇಳಿದೆ, ಗೌರಮ್ಮನವರ ಪಾದದ ಕಥೆಯನ್ನೂ ಹೇಳಿದೆ. ಕೆಲವರು ಕೂತು ಪೂರ್ತಿ ಕೇಳಿದರು. ಕೆಲವರು, ಫಾರಿನ್ನಿಗೆ ಹೋಗಿ ಅವರ ವಕೀಲನಾಗಿ ಬಂದೆಯಾ ಎಂದರು. ಅವ್ವ ಮಾತ್ರ, ಗಾಜು ದೊಡ್ಡದಿತ್ತಾ ಎಂದು ಕೇಳಿದಳು.

ಒಂದು ಬೆಳಗ್ಗೆ ಅವ್ವ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಳು. ಬೀದಿಯ ಆ ತುದಿಯಿಂದ ಗೌರಮ್ಮನವರು ಒಬ್ಬರೇ ನಡೆದುಕೊಂಡು ಬಂದರು. ಮನೆ ಮನೆಯ ಬಾಗಿಲಿಗೆ ಜನ ಬಂದು ನಿಂತರು. ಅವರು ನೇರ ನಮ್ಮ ಮನೆಯ ಮುಂದೆ ಬಂದು ನಿಂತು, ನನ್ನ ಕಡೆ ನೋಡದೆ ಅವ್ವನ ಕಡೆ ತಿರುಗಿದರು.

"ಚಿಕ್ಕತಾಯವ್ವ, ಪ್ರತಿ ಉಳುಮೆಗೂ ಗದ್ದೆಲಿ ಸೀಸೆ ಚೂರು ಮೇಲ್ ಬತ್ತದೆ. ಈಗ ಕೊಯ್ಲು ಆಯ್ತು, ಗದ್ದೆ ಒಣುಗ್ತು. ಬಾನ್ವಾರ ಎಲ್ರೂ ಬನ್ನಿ, ಆರ್ಸಾಣ. ಇನ್ಮುಂದ್ಕೆ ನೀರ್ ಬಂದೋದಾಗ್ಲೆಲ್ಲ ಬರ್ಬೇಕು. ಬತ್ತೀವಿ ಅಂದ್ರೆ ಬದ ಇಳುಸ್ತೀನಿ."

ಅವ್ವ ಸೊಪ್ಪಿನ ಮೊರ ಪಕ್ಕಕ್ಕಿಟ್ಟಳು. ಕಾಲು ನೆಟ್ಟಗಿಲ್ಲ, ಕೂತ್ಕಂಡು ಆರ್ಸಾದಾದ್ರೆ ಬತ್ತೀನಿ ಎಂದಳು.

ಪಂಚಾಯಿತಿಯ ಸಭೆಗೂ ಗೌರಮ್ಮನವರು ಬಂದು ಅದನ್ನೇ ಹೇಳಿದರು. ಕಸ ಆರಿಸುವುದನ್ನು ನಡಾವಳಿಯಲ್ಲಿ ಹೇಗೆ ಬರೆಯುವುದೆಂದು ಅಧಿಕಾರಿ ತಲೆ ಕೆರೆದುಕೊಂಡರು. ಬರೆಯುವುದು ಬೇಡ ಎಂದೆ. ಪೇಟೆಯ ಸದಸ್ಯರಲ್ಲಿ ಇಬ್ಬರು ನಕ್ಕರು, ಆದರೆ ಗೋಡೆಯ ಕಡತ ಪಕ್ಕಕ್ಕೆ ಹೋಯಿತು. ಮಹೇಶ ನಕ್ಷೆಯಲ್ಲಿ ಸರ್ವೆ ನಂಬರಿನ ಮೇಲೆ ಕೊಕ್ಕರೆಗದ್ದೆ ಎಂದು ಬರೆದು ತೋರಿಸಿದ.

ಭಾನುವಾರ ನಮ್ಮ ಬೀದಿಯಿಂದ ಅರ್ಧದಷ್ಟು ಜನ ಬಂದರು. ಪೇಟೆಯಿಂದ ಕೈಬೆರಳಲ್ಲಿ ಎಣಿಸುವಷ್ಟು. ಕೂಳೆ ಬಿಟ್ಟ ಗದ್ದೆಯಲ್ಲಿ ಸಾಲಾಗಿ ಬಗ್ಗಿ ಬಿಸಿಲೇರುವ ತನಕ ಆರಿಸಿದೆವು. ಗಾಜು ಇನ್ನೂ ಸಿಕ್ಕುತ್ತಲೇ ಇತ್ತು. ಅವ್ವ ಬದುವಿನ ಮೇಲೆ ಕೂತು ತನ್ನ ಕೈಗೆಟಕುವಷ್ಟನ್ನು ಆರಿಸಿ ಸೆರಗಿನಲ್ಲಿ ಹಾಕಿಕೊಳ್ಳುತ್ತಿದ್ದಳು.

ಕೆಲಸ ನಿಂತಾಗ ಗೌರಮ್ಮನವರು ಪಂಪ್‌ಸೆಟ್ ಮನೆಯ ಬೀಗ ತೆಗೆದು ಎಲ್ಲರನ್ನೂ ಕರೆದರು. ಒಳಗೆ ಹಲಗೆಯ ಮೇಲೆ ಪಾತ್ರೆಗಳು ಸಾಲಾಗಿದ್ದವು. ಸ್ಟೀಲಿನ ತಟ್ಟೆಗಳು, ಒಂದು ಕೊಳಗ, ಲೋಟಗಳು, ಒಂದು ಇಡ್ಲಿ ತಟ್ಟೆ. ಒಂದೊಂದರ ಮೇಲೂ ನಮ್ಮ ಬೀದಿಯ ಒಂದೊಂದು ಹೆಸರು. ತುದಿಯಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿದ, ಥಳಥಳ ಹೊಳೆಯುವ ಹಿತ್ತಾಳೆ ತಂಬಿಗೆ.

"ಯಾರಾರ ಬಂದು ಕೇಳ್ತೀರಿ ಅಂತ ಮಡಗಿದ್ದೆ" ಎಂದರು ಗೌರಮ್ಮನವರು. "ನೀವೂ ಬರ್ನಿಲ್ಲ. ನಾನೂ ಬರ್ನಿಲ್ಲ."

ಅವ್ವನಿಗೆ ಓದಲು ಬರುವುದಿಲ್ಲ. ತಂಬಿಗೆಯ ಕಂಠದ ಸುತ್ತ ಬೆರಳಾಡಿಸಿ, ಇದೇ ಎಂದಳು. ಆಮೇಲೆ ಪಂಪಿನ ತೊಟ್ಟಿಯಲ್ಲಿ ಅದನ್ನು ತೊಳೆದು, ತುಂಬ ನೀರು ಹಿಡಿದು, ಎತ್ತಿ ಕುಡಿದಳು. ನೀರು ಗದ್ದದಿಂದ ಇಳಿದು ರವಿಕೆ ಒದ್ದೆಯಾಯಿತು, ಒರೆಸಿಕೊಳ್ಳಲಿಲ್ಲ.

"ನಂಗೂ ವಸಿ ಕೊಡು ಚಿಕ್ಕತಾಯವ್ವ."

ಅವ್ವ ನನ್ನ ಮುಖ ನೋಡಿದಳು. ಗೌರಮ್ಮನವರು ಬೊಗಸೆ ಒಡ್ಡಿರಲಿಲ್ಲ, ತಂಬಿಗೆಗೇ ಕೈ ಚಾಚಿ ನಿಂತಿದ್ದರು. ಅವ್ವ ಅದನ್ನು ಮತ್ತೆ ತುಂಬಿಸಿ ಅವರ ಕೈಗೆ ಕೊಟ್ಟಳು. ಗೌರಮ್ಮನವರು ಕುಡಿದರು, ಉಳಿದ ನೀರಿನಲ್ಲಿ ಮುಖ ತೊಳೆದುಕೊಂಡರು, ತಂಬಿಗೆಯನ್ನು ಅವ್ವನಿಗೆ ಹಿಂದಕ್ಕೆ ಕೊಟ್ಟು ಗುದ್ದಲಿ ಎಲ್ಲಿ ಎಂದು ಕೇಳಿದರು. ಬದುವಿಗೆ ಮೊದಲ ಏಟು ಅವರೇ ಹಾಕಿದರು.